ಶೀತದ ಮಾತ್ರೆ, ಕೆಮ್ಮಿನ ಸಿರಪ್: ಬ್ಯಾನ್ ಆಗಿದ್ದೇನು, ಮನೇಲಿರೋದೇನು

2025ರ ಅಕ್ಟೋಬರ್‌ನಲ್ಲಿ ಮಧ್ಯಪ್ರದೇಶದ ಛಿಂದ್ವಾಡಾ ಕಡೆ ಕೆಮ್ಮಿನ ಸಿರಪ್ ಕುಡಿದ ಮಕ್ಕಳು ಒಬ್ಬರ ಹಿಂದೆ ಒಬ್ಬರು ಕಿಡ್ನಿ ಫೇಲಾಗಿ ತೀರಿಹೋದ ಸುದ್ದಿ ಬಂತು, 20ಕ್ಕಿಂತ ಜಾಸ್ತಿ ಮಕ್ಕಳು. ಅಲ್ಲಿಂದ ಶುರುವಾದ ಗೊಂದಲ ಇನ್ನೂ ಮುಗಿದಿಲ್ಲ. ಒಂದು ಕಡೆ 2 ವರ್ಷದೊಳಗಿನ ಮಕ್ಕಳಿಗೆ ಸಿರಪ್ ಕೊಡಬೇಡಿ ಅಂತಾರೆ, ಇನ್ನೊಂದು ಕಡೆ 4 ವರ್ಷ ಅಂತ ಬರೆದಿರತ್ತೆ, ಮತ್ತೊಬ್ಬರು 5 ಅಂತಾರೆ. 156 ಕಾಂಬಿನೇಷನ್ ಔಷಧಿ (ಒಂದಕ್ಕಿಂತ ಜಾಸ್ತಿ ಔಷಧಿ ಸೇರಿಸಿ ಒಂದೇ ಮಾಡಿದ್ದು) ಬ್ಯಾನ್ ಆಯ್ತು ಅಂತ 2024ರಲ್ಲೇ ಸುದ್ದಿ ಓದಿದ್ವಿ, ಆದ್ರೆ ಮೆಡಿಕಲ್‌ಗೆ ಹೋಗಿ ‘ಶೀತಕ್ಕೊಂದು ಮಾತ್ರೆ ಕೊಡಿ’ ಅಂದ್ರೆ ಈಗ್ಲೂ ಕೈಗೆ ಬರೋದು ಕಾಂಬಿನೇಷನ್ ಮಾತ್ರೇನೇ. ಹಾಗಾದ್ರೆ ಯಾವ್ದು ನಂಬೋದು?

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆ ಮಳೆಗಾಲ ಹಿಡಿದ ಮೇಲೆ, ಆಮೇಲೆ ಚಳೀಲಿ ಅಡಿಕೆ ಕೊನೆ ಕೊಯ್ಲಿನ ಹೊತ್ತಿಗೆ, ಶೀತ ಕೆಮ್ಮು ಇಲ್ಲದ ಮನೆ ಕಮ್ಮಿ. ಹಾಗಾಗಿ ಈ ವಿಷಯ ನಮಗೆ ಬೇರೆಯವರಿಗಿಂತ ಸ್ವಲ್ಪ ಹತ್ತಿರದ್ದೇ.

ಒಂದೇ ಬಾಟ್ಲಿ, ಬೇರೆ ಬೇರೆ ಪ್ರಶ್ನೆ

ಛಿಂದ್ವಾಡಾದ ಆ ಸಿರಪ್ ಹೆಸರು ಕೋಲ್ಡ್ರಿಫ್, ತಮಿಳುನಾಡಿನ ಕಾಂಚೀಪುರಂ ಜಿಲ್ಲೆಯ ಕಂಪನಿದು. ಅದರಲ್ಲಿ ಇರಬೇಕಾಗಿದ್ದ ಔಷಧಿ ಮೂರು: ಜ್ವರಕ್ಕೆ ಪ್ಯಾರಾಸಿಟಮಾಲ್, ಮೂಗು ಸೋರೋದಕ್ಕೆ ಕ್ಲೋರ್‌ಫೆನಿರಮೈನ್, ಮೂಗು ಕಟ್ಟಿದ್ದಕ್ಕೆ ಫಿನೈಲೆಫ್ರಿನ್. ನಮ್ಮ ಮನೇಲಿರೋ ಎಷ್ಟೋ ಶೀತದ ಮಾತ್ರೇಲಿ ಇರೋದೂ ಇದೇ ಮೂರು. ಗೊಂದಲ ಆಗೋದು ಇಲ್ಲೇ. ಆ ಮಕ್ಕಳ ಜೀವ ತೆಗೆದಿದ್ದು ಈ ಮೂರು ಔಷಧಿ ಅಲ್ಲ, ಅದರೊಳಗೆ ಬೆರೆತಿದ್ದ ವಿಷ. ಆದ್ರೆ ಅಷ್ಟು ಸಣ್ಣ ಮಕ್ಕಳಿಗೆ ಈ ಮೂರರ ಮಿಶ್ರಣ ಕೊಡೋದೇ ತಪ್ಪು ಅನ್ನೋದು ಬೇರೆ ಮಾತು, ದೊಡ್ಡೋರಿಗಾದ್ರೂ ಈ ಮಿಶ್ರಣ ಬೇಕಾ ಅನ್ನೋದು ಇನ್ನೂ ಬೇರೆ ಮಾತು. ವಿಷ ಬೆರೆಯೋದನ್ನ ನಾವು ಮನೇಲಿ ಕೂತು ತಡೆಯೋಕಾಗಲ್ಲ, ಅದು ಸರ್ಕಾರದ ಕೆಲಸ. ಉಳಿದಿದ್ದು ಬಹುಪಾಲು ನಮ್ಮ ಕೈಲಿದೆ, ಆದ್ರೆ ಸುದ್ದಿಯ ಗದ್ದಲದಲ್ಲಿ ಅದೇ ಮುಚ್ಚಿಹೋಗ್ತಾ ಇದೆ.

ವಿಷ ಬಂದಿದ್ದು ಎಲ್ಲಿಂದ

ಸಿರಪ್ ಮಾಡುವಾಗ ಔಷಧಿ ಕರಗೋಕೆ ಪ್ರೊಪಿಲೀನ್ ಗ್ಲೈಕಾಲ್, ಗ್ಲಿಸರಿನ್ ತರದ ದ್ರವ ಹಾಕ್ತಾರೆ. ಔಷಧಿಗೆ ಅಂತ್ಲೇ ಶುದ್ಧ ಮಾಡಿದ್ದು ದುಬಾರಿ, ಕಾರ್ಖಾನೆ ಬಳಕೇದು ಅಗ್ಗ, ಆ ಅಗ್ಗದ್ದರಲ್ಲಿ ಡೈಎಥಿಲೀನ್ ಗ್ಲೈಕಾಲ್ ಅನ್ನೋ ವಿಷ ಸೇರಿರಬಹುದು. ನೋಡೋಕೆ ವ್ಯತ್ಯಾಸ ಗೊತ್ತಾಗಲ್ಲ, ರುಚೀನೂ ಸಿಹಿ. ನಿಯಮದ ಪ್ರಕಾರ ಇದು 0.1%ಗಿಂತ ಜಾಸ್ತಿ ಇರಬಾರದು, ತಮಿಳುನಾಡಿನ ಲ್ಯಾಬ್‌ನಲ್ಲಿ ಆ ಬ್ಯಾಚ್ ಪರೀಕ್ಷೆ ಮಾಡಿದಾಗ ಸಿಕ್ಕಿದ್ದು 48.6%, ಅಂದ್ರೆ ಹೆಚ್ಚುಕಮ್ಮಿ ಅರ್ಧ ಬಾಟ್ಲಿ. ಇದು ಮೊದಲ ಸಲ ಏನೂ ಅಲ್ಲ, 2022ರಲ್ಲಿ ಗ್ಯಾಂಬಿಯಾ, ಇಂಡೋನೇಷ್ಯಾ, ಉಜ್ಬೇಕಿಸ್ತಾನದಲ್ಲಿ ಇದೇ ತರ ಮಕ್ಕಳು ಸತ್ರು, 1986ರಲ್ಲಿ ಮುಂಬೈನ ಜೆಜೆ ಆಸ್ಪತ್ರೇಲಿ ಗ್ಲಿಸರಿನ್‌ನಲ್ಲಿ ಇದೇ ವಿಷ ಸೇರಿ 14 ಜನ ಹೋದ್ರು.

ಈ ವಿಷ ಮೊದಲು ಕಾಣಿಸ್ಕೊಳ್ಳೋದು ವಾಂತಿ, ಹೊಟ್ಟೆನೋವು, ಮಂಪರಾಗಿ, ಆಮೇಲೆ ಮೂತ್ರ ಕಮ್ಮಿಯಾಗ್ತಾ ಬಂದು ನಿಂತೇ ಹೋಗತ್ತೆ. ಹಾಗಾಗಿ ಸಿರಪ್ ಕುಡಿತಿರೋ ಮಗು 6-8 ಗಂಟೆ ಮೂತ್ರ ಮಾಡಿಲ್ಲ ಅಂದ್ರೆ ‘ನೀರು ಕುಡಿದಿಲ್ಲ ಬಿಡು’ ಅಂತ ಸುಮ್ಮನಿರಬಾರದು, ಆ ಬಾಟ್ಲೀನೂ ಕೈಲಿ ಹಿಡ್ಕೊಂಡು ಆಸ್ಪತ್ರೆಗೆ ಹೋಗಬೇಕು. ಬ್ಯಾಚ್ ನಂಬರ್ ಇರೋದು ಬಾಟ್ಲಿ ಮೇಲೆ, ಅದು ಕಸಕ್ಕೆ ಹೋದ್ರೆ ಯಾವ ಬ್ಯಾಚ್ ಅಂತ ಪತ್ತೆ ಹಚ್ಚೋದು ಕಷ್ಟ.

2, 4, 5: ವಯಸ್ಸಿನ ಲೆಕ್ಕ ಯಾಕೆ ಬೇರೆ ಬೇರೆ

ಮೂರೂ ಸರೀನೇ, ಆದ್ರೆ ಮೂರೂ ಒಂದೇ ವಿಷಯ ಹೇಳ್ತಿಲ್ಲ. ಕ್ಲೋರ್‌ಫೆನಿರಮೈನ್ ಜೊತೆ ಫಿನೈಲೆಫ್ರಿನ್ ಸೇರಿಸಿದ ಔಷಧೀನ 4 ವರ್ಷದ ಒಳಗಿನ ಮಕ್ಕಳಿಗೆ ಕೊಡಬಾರದು, ಲೇಬಲ್ ಮೇಲೆ ಹಾಗಂತ ಬರೀಲೇಬೇಕು ಅಂತ ಕೇಂದ್ರದ ಔಷಧ ನಿಯಂತ್ರಕರು 2023ರ ಡಿಸೆಂಬರ್‌ನಲ್ಲಿ ಹೇಳಿದ್ರು, 2025ರ ಏಪ್ರಿಲ್‌ನಲ್ಲಿ ಅದು ಗೆಜೆಟ್‌ನಲ್ಲೂ ಬಂತು. ಅದು ಆ ಒಂದು ಜೋಡಿ ಬಗ್ಗೆ. ಛಿಂದ್ವಾಡಾ ಆದಮೇಲೆ 2025ರ ಅಕ್ಟೋಬರ್‌ನಲ್ಲಿ ಕೇಂದ್ರ ಆರೋಗ್ಯ ಇಲಾಖೆ ಹೊರಡಿಸಿದ ಸಲಹೆ ಒಟ್ಟಾರೆ ಕೆಮ್ಮು ಶೀತದ ಔಷಧಿಗಳ ಬಗ್ಗೆ: 2 ವರ್ಷದೊಳಗೆ ಬೇಡವೇ ಬೇಡ, 5 ವರ್ಷದೊಳಗೆ ಸಾಮಾನ್ಯವಾಗಿ ಬೇಡ, ಅದಕ್ಕಿಂತ ದೊಡ್ಡ ಮಕ್ಕಳಿಗೆ ಡಾಕ್ಟರ್ ನೋಡಿ, ಸರಿಯಾದ ಡೋಸ್‌ನಲ್ಲಿ, ಆದಷ್ಟು ಕಮ್ಮಿ ದಿನ.

ಇದರ ಹಿಂದಿನ ಕಾರಣ ಸರಳ. ಸಣ್ಣ ಮಕ್ಕಳ ಶೀತ ಬಹುಪಾಲು ವೈರಸ್‌ದು, ವಾರ ಹತ್ತು ದಿನಕ್ಕೆ ತಾನೇ ಇಳಿಯತ್ತೆ, ಕೆಮ್ಮು ಮಾತ್ರ ಇನ್ನೊಂದು ವಾರ ಎಳೀಬಹುದು. ಸಿರಪ್ ಕೊಟ್ರೆ ಅದು ಬೇಗ ಹೋಗತ್ತೆ ಅನ್ನೋದಕ್ಕೆ ಗಟ್ಟಿ ಆಧಾರ ಇಲ್ಲ, ಆದ್ರೆ ಡೋಸ್ ಸ್ವಲ್ಪ ಹೆಚ್ಚಾದ್ರೆ ಉಸಿರಾಟ ನಿಧಾನ ಆಗೋದು, ಎದೆ ಬಡಿತ ಜಾಸ್ತಿಯಾಗೋದು, ವಿಪರೀತ ನಿದ್ದೆ, ಇಲ್ಲ ತದ್ವಿರುದ್ಧವಾಗಿ ಕಿರಿಕಿರಿ, ಇವೆಲ್ಲ ಆಗತ್ತೆ. ಲಾಭ ಇಲ್ಲದ ಕಡೆ ಸಣ್ಣ ಅಪಾಯನೂ ದೊಡ್ಡದೇ. ಬೆಚ್ಚಗಿಡೋದು, ಹಾಲು ನೀರು ಕುಡಿಸ್ತಾ ಇರೋದು, ಮೂಗಿಗೆ ಉಪ್ಪುನೀರಿನ ಡ್ರಾಪ್ಸ್, ವರ್ಷ ದಾಟಿದ ಮಗುವಿಗೆ ರಾತ್ರಿ ಸ್ವಲ್ಪ ಜೇನುತುಪ್ಪ ಸಾಕು. ವರ್ಷದೊಳಗಿನ ಕೂಸಿಗೆ ಮಾತ್ರ ಜೇನು ನೆಕ್ಕಿಸಬಾರದು, ಅದರಲ್ಲಿರೋ ಒಂದು ಬ್ಯಾಕ್ಟೀರಿಯಾ ಆ ವಯಸ್ಸಿಗೆ ಅಪಾಯ.

ಬ್ಯಾನ್ ಆದ್ರೂ ಅಂಗಡೀಲಿ ಯಾಕಿದೆ

2016ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ 344 ಕಾಂಬಿನೇಷನ್ ಔಷಧಿ ಒಟ್ಟಿಗೇ ಬ್ಯಾನ್ ಮಾಡ್ತು. ಕಂಪನಿಗಳು ಕೋರ್ಟಿಗೆ ಹೋದ್ವು, ದೆಹಲಿ ಹೈಕೋರ್ಟ್ ಅದೇ ವರ್ಷ ಬ್ಯಾನ್ ರದ್ದು ಮಾಡ್ತು, ಸುಪ್ರೀಂ ಕೋರ್ಟ್ ಮತ್ತೆ ಪರಿಶೀಲನೆ ಮಾಡಿ ಅಂತು, 2018ರ ಸೆಪ್ಟೆಂಬರ್‌ನಲ್ಲಿ 328 ಮತ್ತೆ ಬ್ಯಾನ್ ಆಯ್ತು. 2023ರಲ್ಲಿ 14, 2024ರ ಆಗಸ್ಟ್‌ನಲ್ಲಿ 156. ಈ ಕೊನೇ ಪಟ್ಟೀಲಿ ಸೆಟ್ರಿಜಿನ್, ಪ್ಯಾರಾಸಿಟಮಾಲ್, ಫಿನೈಲೆಫ್ರಿನ್ ತರದ ಶೀತದ ಮಿಶ್ರಣಗಳೂ ಇದ್ವು.

ಆದ್ರೆ ಬ್ಯಾನ್ ಆಗೋದು ಬ್ರ್ಯಾಂಡ್ ಹೆಸರಲ್ಲ, ನಿರ್ದಿಷ್ಟ ಮಿಶ್ರಣ. ಅದೇ ಹೆಸರಿಟ್ಕೊಂಡು ಒಳಗಿನ ಒಂದು ಔಷಧಿ ಬದಲಾಯಿಸಿದ್ರೆ ಅದು ಬೇರೆ ಮಿಶ್ರಣ, ಬ್ಯಾನ್‌ಗೆ ಸಿಗಲ್ಲ. ಜೊತೆಗೆ ಕೆಲವರು ಕೋರ್ಟಲ್ಲಿ ತಡೆ ತರ್ತಾರೆ. ಸುಮಾರು ಮಿಶ್ರಣಗಳು ಹುಟ್ಟಿದ್ದೂ ಹೀಗೇ, ಕೇಂದ್ರದ ಒಪ್ಪಿಗೆ ಇಲ್ದೇ ಬರೀ ರಾಜ್ಯದ ಲೈಸೆನ್ಸ್ ತಗೊಂಡು ಮಾರುಕಟ್ಟೆಗೆ ಬಂದಿದ್ವು. ಓದುಗರು ತಿಳ್ಕೊಬೇಕಾದ್ದು ಇಷ್ಟು: ಐದು ವರ್ಷದ ಹಿಂದೆ ತಗೊಂಡ ಮಾತ್ರೇದೇ ಹೆಸರು ಇವತ್ತಿನ ಸ್ಟ್ರಿಪ್ ಮೇಲಿದ್ರೂ ಒಳಗಿರೋದು ಅದೇ ಅಂತ ಗ್ಯಾರಂಟಿ ಇಲ್ಲ.

ಕಂಪನಿ ವಾದ, ಡಾಕ್ಟರ್ ವಾದ

ಕಂಪನಿಗಳು ಹೇಳೋದನ್ನ ಪೂರ್ತಿ ತಳ್ಳಿಹಾಕೋಕಾಗಲ್ಲ. ಶೀತ ಅಂದ್ರೆ ಮೂಗು ಸೋರೋದು, ತಲೆನೋವು, ಮೈಕೈ ನೋವು ಎಲ್ಲ ಒಟ್ಟಿಗೇ ಬರತ್ತೆ, ನಾಲ್ಕು ಮಾತ್ರೆ ಬದಲು ಒಂದು ತಗೊಂಡ್ರೆ ದುಡ್ಡೂ ಕಮ್ಮಿ, ಮರೆಯೋದೂ ಕಮ್ಮಿ. ಕೂಲಿ ಕೆಲಸಕ್ಕೆ ಹೋಗೋರಿಗೆ ಒಂದು ದಿನ ಮಲಗಿದ್ರೆ ಒಂದು ದಿನದ ಸಂಬಳ ಹೋಯ್ತು, ಅವರಿಗೆ ಇದು ಸಣ್ಣ ವಿಷಯ ಅಲ್ಲ.

ಔಷಧ ವಿಜ್ಞಾನದವರ ಉತ್ತರ: ಮೂಗು ಸೋರತಿಲ್ಲದೋರಿಗೂ ಆ ಔಷಧಿ ಹೊಟ್ಟೆಗೆ ಹೋಗತ್ತೆ, ಜ್ವರ ಇಲ್ಲದೋರಿಗೂ ಪ್ಯಾರಾಸಿಟಮಾಲ್ ಹೋಗತ್ತೆ, ಒಂದನ್ನ ಕಮ್ಮಿ ಮಾಡಿ ಇನ್ನೊಂದನ್ನ ಜಾಸ್ತಿ ಮಾಡೋಕೆ ಬರಲ್ಲ, ಏನಾದ್ರೂ ಅಲರ್ಜಿ ಆದ್ರೆ ಯಾವ್ದರಿಂದ ಅಂತಾನೂ ಗೊತ್ತಾಗಲ್ಲ. ಕೆಲವು ಕೆಮ್ಮಿನ ಸಿರಪ್‌ಗಳಲ್ಲಂತೂ ಕೆಮ್ಮು ಅದುಮೋ ಔಷಧೀನೂ ಕಫ ಹೊರಗೆ ತರೋ ಔಷಧೀನೂ ಒಟ್ಟಿಗೇ ಇರತ್ತೆ. ಕಫ ಸಡಿಲ ಮಾಡಿ ಕೆಮ್ಮನ್ನ ಅದುಮಿದ್ರೆ ಆ ಕಫ ಹೋಗೋದೆಲ್ಲಿಗೆ?

ಫಿನೈಲೆಫ್ರಿನ್ ಕಥೆ ಇನ್ನೂ ವಿಚಿತ್ರ. ಬಾಯಲ್ಲಿ ನುಂಗಿದ್ರೆ ಕರುಳಲ್ಲೇ ಅದರ ಬಹುಪಾಲು ಒಡೆದುಹೋಗತ್ತೆ, ಮೂಗಿನವರೆಗೆ ತಲುಪೋದು ಅಲ್ಪ. 2023ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಸಲಹಾ ಸಮಿತಿ, ನುಂಗೋ ಫಿನೈಲೆಫ್ರಿನ್‌ನಿಂದ ಮೂಗು ಬಿಡಲ್ಲ ಅಂತ ಒಮ್ಮತದಿಂದ ಹೇಳ್ತು, 2024ರ ನವೆಂಬರ್‌ನಲ್ಲಿ ಅದನ್ನ ಅಲ್ಲಿ ಚೀಟಿ ಇಲ್ದೇ ಮಾರೋ ಔಷಧಿಗಳ ಪಟ್ಟಿಯಿಂದ ತೆಗೆಯೋ ಪ್ರಸ್ತಾವನೆ ಬಂತು. ಅವರು ತಕರಾರು ತೆಗೆದಿದ್ದು ‘ಅಪಾಯ’ ಅಂತಲ್ಲ, ‘ಕೆಲಸ ಮಾಡಲ್ಲ’ ಅಂತ. ನಮ್ಮಲ್ಲಿ ಇದು ಶೀತದ ಮಾತ್ರೆಗಳಲ್ಲಿ ಈಗ್ಲೂ ಇದೆ. ನನ್ನ ಪ್ರಕಾರ ಲಾಭ ಸಾಬೀತಾಗದ, ಬಿಪಿ ಏರಿಸಬಹುದಾದ ಔಷಧೀನ ಬಿಪಿ ಕಂಟ್ರೋಲ್‌ನಲ್ಲಿಲ್ಲದ ಮನುಷ್ಯನಿಗೆ ದಿನಕ್ಕೆ ಮೂರು ಹೊತ್ತು ಕೊಡೋಕೆ ಯಾವ ಸಮರ್ಥನೆಯೂ ಇಲ್ಲ.

ಒಂದು ದಿನದ ಪ್ಯಾರಾಸಿಟಮಾಲ್ ಲೆಕ್ಕ

ಇದು ಈ ಲೇಖನದ ಮುಖ್ಯ ಭಾಗ, ದಯವಿಟ್ಟು ನಿಧಾನಕ್ಕೆ ಓದಿ. ಆರೋಗ್ಯವಾಗಿರೋ ದೊಡ್ಡೋರಿಗೆ ದಿನಕ್ಕೆ ಪ್ಯಾರಾಸಿಟಮಾಲ್ ಗರಿಷ್ಠ ಮಿತಿ 4000 ಮಿಲಿಗ್ರಾಂ. ಈಗ ಮಾಮೂಲಿ ಒಂದು ದಿನ ನೋಡಿ. ಶೀತಕ್ಕೆ ಅಂತ ಒಂದು ಕಾಂಬಿನೇಷನ್ ಮಾತ್ರೆ, ಅದರಲ್ಲಿ ಪ್ಯಾರಾಸಿಟಮಾಲ್ 500, ಮೂರು ಹೊತ್ತಿಗೆ 1500. ಜ್ವರ ಇದೆ ಅಂತ ಬೇರೆ ಡೋಲೊ 650 (ಅದೂ ಪ್ಯಾರಾಸಿಟಮಾಲ್ಲೇ), ಅದೂ ಮೂರು ಹೊತ್ತು, 1950. ಮೈಕೈ ನೋವು ತಡಿಯೋಕಾಗಲ್ಲ ಅಂತ ಬೆಳಗ್ಗೆ ಸಂಜೆ ಒಂದೊಂದು ಕಾಂಬಿಫ್ಲಾಮ್, ಅದರಲ್ಲಿ ಐಬುಪ್ರೊಫೆನ್ ಜೊತೆ ಪ್ಯಾರಾಸಿಟಮಾಲ್ 325 ಇರತ್ತೆ, ಎರಡಕ್ಕೆ 650. ಒಟ್ಟು 4100. ಮಿತಿ ದಾಟಿತು, ಆದ್ರೆ ತಗೊಂಡೋರ ಮನಸ್ಸಲ್ಲಿ ‘ಶೀತಕ್ಕೊಂದು, ಜ್ವರಕ್ಕೊಂದು, ನೋವಿಗೊಂದು’ ಅಷ್ಟೇ, ಒಂದೇ ಔಷಧೀನ ಮೂರು ಹೆಸರಲ್ಲಿ ನುಂಗಿದ್ದೀನಿ ಅಂತ ಗೊತ್ತೇ ಇರಲ್ಲ.

ಒಂದು ದಿನ ಸ್ವಲ್ಪ ದಾಟಿದ ತಕ್ಷಣ ಎಲ್ಲರಿಗೂ ಅನಾಹುತ ಆಗತ್ತೆ ಅಂತಲ್ಲ. ಆದ್ರೆ ಶೀತ ಒಂದು ದಿನಕ್ಕೆ ಹೋಗಲ್ಲ, ಇದೇ ಲೆಕ್ಕ ನಾಲ್ಕೈದು ದಿನ ನಡಿಯತ್ತೆ. ಪ್ಯಾರಾಸಿಟಮಾಲ್ ಲಿವರ್‌ನಲ್ಲಿ ಒಡೆಯುವಾಗ ಒಂದು ವಿಷದ ಪದಾರ್ಥ ಹುಟ್ಟತ್ತೆ, ಲಿವರ್ ತನ್ನಲ್ಲಿರೋ ದಾಸ್ತಾನಿನಿಂದ ಅದನ್ನ ತಟಸ್ಥ ಮಾಡ್ತಾ ಇರತ್ತೆ, ದಾಸ್ತಾನು ಮುಗಿದ್ರೆ ವಿಷ ಲಿವರ್‌ಗೇ ತಿರುಗತ್ತೆ. ದಿನಾ ಕುಡಿಯೋರಿಗೆ, ತೂಕ ಕಮ್ಮಿ ಇರೋರಿಗೆ, ಜ್ವರದಲ್ಲಿ ಎರಡು ದಿನ ಸರಿಯಾಗಿ ಊಟ ಮಾಡದೋರಿಗೆ ಆ ದಾಸ್ತಾನೇ ಕಮ್ಮಿ, ಅವರಿಗೆ 4000 ಅನ್ನೋ ಮಿತೀನೇ ಹೆಚ್ಚಾಯ್ತು, ಎಷ್ಟು ಅನ್ನೋದು ಡಾಕ್ಟರ್ ಹೇಳಬೇಕು. ಇನ್ನೊಂದು ತೊಂದರೆ ಏನಂದ್ರೆ ಮೊದಲ ದಿನ ಬರೀ ವಾಕರಿಕೆ, ಸುಸ್ತು, ಅದು ಜ್ವರದ್ದೇ ಅಂತ ಅನ್ಸತ್ತೆ, ಲಿವರ್ ಕೆಟ್ಟ ಲಕ್ಷಣ ಕಾಣೋದು ಒಂದೆರಡು ದಿನ ಬಿಟ್ಟು. ಇದಕ್ಕೆ ಒಳ್ಳೆ ಪ್ರತಿವಿಷ ಇದೆ, ಆದ್ರೆ ಒಟ್ಟಿಗೆ ಜಾಸ್ತಿ ನುಂಗಿದ 8 ಗಂಟೆ ಒಳಗೆ ಕೊಟ್ರೇ ಅದರ ಪೂರ್ತಿ ಪ್ರಯೋಜನ. ಹೆಚ್ಚು ತಗೊಂಡಿದ್ದು ಗೊತ್ತಾದ್ರೆ ಲಕ್ಷಣಕ್ಕೆ ಕಾಯಬಾರದು.

ಮಕ್ಕಳಲ್ಲಿ ಲೆಕ್ಕ ತಪ್ಪೋದು ಬೇರೆ ರೀತಿ. ಒಂದು ಸಲದ ಡೋಸ್ ಕೆಜಿಗೆ 10ರಿಂದ 15 ಮಿಲಿಗ್ರಾಂ, ಅಂದ್ರೆ 10 ಕೆಜಿ ಮಗುವಿಗೆ 100ರಿಂದ 150. ಪ್ಯಾರಾಸಿಟಮಾಲ್ ಸಿರಪ್ 5 ಎಂಎಲ್‌ಗೆ 125ದೂ ಸಿಗತ್ತೆ, 250ದೂ ಸಿಗತ್ತೆ, ಕೂಸುಗಳ ಡ್ರಾಪ್ಸ್‌ನಲ್ಲಿ ಒಂದೇ ಎಂಎಲ್‌ಗೆ 100 ಇರತ್ತೆ. ‘ಒಂದು ಚಮಚ ಹಾಕು’ ಅಂತ ಡ್ರಾಪ್ಸ್ ಬಾಟ್ಲಿಯಿಂದ 5 ಎಂಎಲ್ ಕುಡಿಸಿದ್ರೆ 500 ಮಿಲಿಗ್ರಾಂ ಹೋಯ್ತು, ಬೇಕಾಗಿದ್ದರ ಮೂರರಿಂದ ಐದು ಪಟ್ಟು. ಅಡುಗೆಮನೆ ಚಮಚ ಒಂದೊಂದು ಒಂದೊಂದು ಅಳತೆ, ಬಾಟ್ಲಿ ಜೊತೆ ಬರೋ ಮುಚ್ಚಳ ಇಲ್ಲ ಡ್ರಾಪರ್ರೇ ಸರಿ. ಡ್ರಾಪರ್ ಕೂಡ ಆಯಾ ಬಾಟ್ಲಿಗೆ ಮಾತ್ರ.

ನಿದ್ದೆ ತರೋ ಔಷಧಿ ಎರಡೆರಡು ಸಲ

ಪ್ಯಾರಾಸಿಟಮಾಲ್ ಆದಮೇಲೆ ಜಾಸ್ತಿ ಡಬಲ್ ಆಗೋದು ಅಲರ್ಜಿ ಔಷಧಿ. ಧೂಳು, ಬೂಷ್ಟು, ಅಡಿಕೆ ಸುಲಿಯೋ ಬೇಯಿಸೋ ಕಾಲದ ಹೊಗೆ, ಇದಕ್ಕೆಲ್ಲ ಸೀನು ಬರೋರು ಮಾಂಟೆಲುಕಾಸ್ಟ್, ಲೆವೊಸೆಟ್ರಿಜಿನ್ ಸೇರಿದ ಎಲ್‌ಸಿ ಮಾತ್ರೇನ ತಿಂಗಳುಗಟ್ಟಲೆ ತಗೊಳ್ತಿರ್ತಾರೆ. ಅದರ ಮೇಲೆ ಶೀತ ಅಂತ ಕ್ಲೋರ್‌ಫೆನಿರಮೈನ್ ಇರೋ ಮಾತ್ರೆ ನುಂಗಿದ್ರೆ ಒಂದೇ ಜಾತಿ ಔಷಧಿ ಎರಡಾಯ್ತು. ಮಂಪರು ಹೆಚ್ಚತ್ತೆ, ಕೈಕಾಲಿನ ಹಿಡಿತ ನಿಧಾನ ಆಗತ್ತೆ, ಸಂಜೆ ಸ್ವಲ್ಪ ಕುಡಿದ್ರಂತೂ ಇನ್ನೂ ಜಾಸ್ತಿ. ಮರ ಹತ್ತೋ ಕೊನೆಗೌಡನಿಗೆ, ಆಗುಂಬೆ ಇಲ್ಲ ಹುಲಿಕಲ್ ಘಾಟಿ ಇಳಿಯೋ ಡ್ರೈವರ್‌ಗೆ, ಮಂಜಲ್ಲಿ ಬೈಕ್ ಓಡಿಸೋರಿಗೆ ಇದು ಲೇಬಲ್ ಮೇಲಿನ ಮಾಮೂಲಿ ಎಚ್ಚರಿಕೆ ಅಲ್ಲ, ಜೀವದ ಪ್ರಶ್ನೆ. ಅಂಥ ಕೆಲಸ ಇದ್ರೆ ಹಗಲು ಈ ಮಾತ್ರೆ ಬೇಡ.

ವಯಸ್ಸಾದೋರಿಗೆ ಕ್ಲೋರ್‌ಫೆನಿರಮೈನ್ ಇನ್ನೊಂದು ರೀತೀಲಿ ಕಾಟ ಕೊಡತ್ತೆ: ಬಾಯಿ ಒಣಗೋದು, ಮಲಬದ್ಧತೆ, ರಾತ್ರಿ ಎದ್ದಾಗ ಗೊಂದಲವಾಗಿ ಬೀಳೋದು. ಪ್ರಾಸ್ಟೇಟ್ ತೊಂದರೆ ಇರೋ ಅಜ್ಜಂದಿರಿಗೆ ಮೂತ್ರ ಕಟ್ಟಿಕೊಂಡು ಕ್ಯಾಥೆಟರ್ (ಮೂತ್ರ ತೆಗೆಯೋ ನಳಿಕೆ) ಹಾಕೋ ಪರಿಸ್ಥಿತಿ ಬರಬಹುದು. ಗ್ಲಾಕೋಮಾ (ಕಣ್ಣಿನ ಒತ್ತಡದ ಕಾಯಿಲೆ) ಇರೋರೂ ಮೊದಲು ಕೇಳಬೇಕು. ಮಾಂಟೆಲುಕಾಸ್ಟ್ ಬಗ್ಗೆ ಒಂದು ಮಾತು, ನಿದ್ದೆಗೆಡೋದು, ಕೆಟ್ಟ ಕನಸು, ಮನಸ್ಸಿನ ಏರುಪೇರು ಆಗಬಹುದು ಅಂತ 2020ರಲ್ಲಿ ಎಫ್‌ಡಿಎ ಗಟ್ಟಿ ಎಚ್ಚರಿಕೆ ಹಾಕಿಸಿದೆ, ಡಾಕ್ಟರ್ ಮತ್ತೆ ನೋಡದೇ ಹಳೇ ಚೀಟೀಲೇ ವರ್ಷಗಟ್ಟಲೆ ತಗೊಳ್ಳೋ ಮಾತ್ರೆ ಅದಲ್ಲ.

ಮಂಗನ ಕಾಯಿಲೆ ಕಾಲದಲ್ಲಿ ಬರೀ ಶೀತ ಅಂದ್ಕೊಂಡ್ರೆ

ಬೇರೆ ಎಷ್ಟೋ ಊರಿನೋರಿಗೆ ಇಲ್ಲದ ಒಂದು ಅಪಾಯ ನಮಗಿದೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ (ಕಾಡಿನ ಉಣ್ಣೆ ಅನ್ನೋ ರಕ್ತ ಹೀರೋ ಹುಳ ಕಚ್ಚಿ ಬರೋ ವೈರಸ್ ಜ್ವರ), ಡಿಸೆಂಬರ್‌ನಿಂದ ಮೇವರೆಗೆ ಈಗ್ಲೂ ಕಾಣಿಸ್ಕೊಳ್ತಾನೇ ಇದೆ, 2019ರಲ್ಲಿ ಸಾಗರ ತಾಲೂಕಿನ ಅರಳಗೋಡು ಕಡೆ ಅದರಿಂದ ಜನ ಸತ್ತಿದ್ದು ಯಾರೂ ಮರೆತಿಲ್ಲ. ಶುರುವಾಗೋದು ದಿಢೀರ್ ಜ್ವರ, ವಿಪರೀತ ತಲೆನೋವು, ಮೈಕೈ ನೋವಿಂದ. ಶೀತದ ಕಾಂಬಿನೇಷನ್ ಮಾತ್ರೆ ನುಂಗಿದ್ರೆ ಅದರಲ್ಲಿರೋ ಪ್ಯಾರಾಸಿಟಮಾಲ್ ಜ್ವರಾನ ನಾಲ್ಕೈದು ಗಂಟೆ ಇಳಿಸತ್ತೆ, ‘ಹುಷಾರಾಯ್ತು’ ಅಂತ ತೋಟಕ್ಕೆ ಹೋಗ್ತಾರೆ, ಮತ್ತೆ ಜ್ವರ, ಮತ್ತೆ ಮಾತ್ರೆ, ಹೀಗೇ ಮೂರ್ನಾಲ್ಕು ದಿನ ಹೋಗಿಬಿಡತ್ತೆ.

ಅದಕ್ಕಿಂತ ಕೆಟ್ಟದ್ದು ನೋವಿನ ಮಾತ್ರೆ. ಮಂಗನ ಕಾಯಿಲೇಲೂ ಡೆಂಗೀಲೂ ರಕ್ತಸ್ರಾವದ ಭಯ ಇರತ್ತೆ, ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫಿನಾಕ್ ಆ ಅಪಾಯಾನ ಹೆಚ್ಚಿಸ್ತವೆ. ಪ್ಯಾರಾಸಿಟಮಾಲ್ ಒಂದೇ, ಅದೂ ಮಿತೀಲಿ, ಸುರಕ್ಷಿತ. ಕಾಂಬಿನೇಷನ್ ನೋವಿನ ಮಾತ್ರೇಲಿ ಪ್ಯಾರಾಸಿಟಮಾಲ್ ಜೊತೆ ಇವು ಸೇರಿರೋದ್ರಿಂದ ‘ಪ್ಯಾರಾಸಿಟಮಾಲ್ ತಾನೇ ತಗೊಂಡಿದ್ದು’ ಅನ್ನೋ ಧೈರ್ಯ ಸುಳ್ಳಾಗತ್ತೆ. ಮೂಗು ಸೋರದೇ, ಗಂಟಲು ಕೆರೀದೇ ಜೋರು ಜ್ವರ ಬಂದಿದ್ರೆ, ಕಾಡಿಗೆ, ದರಗು (ಒಣಗಿದ ಎಲೆ) ತರೋಕೆ, ದನ ಮೇಯ್ಸೋಕೆ ಹೋಗಿದ್ರೆ, ಉಣ್ಣೆ ಕಚ್ಚಿದ್ರೆ, ಅದು ಶೀತದ ಮಾತ್ರೆ ಕೆಲಸ ಅಲ್ಲ. ಮೊದಲ ದಿನವೇ ಆಶಾ ಕಾರ್ಯಕರ್ತೆಗೆ ಹೇಳಿ ಪಿಎಚ್‌ಸಿಲಿ ರಕ್ತ ಕೊಡಬೇಕು.

ಹಳ್ಳಿ ಅಂಗಡಿ ಸಿರಪ್ ಏನಾಗತ್ತೆ

ಇಲ್ಲಿವರೆಗೆ 1000ಕ್ಕಿಂತ ಕಮ್ಮಿ ಜನಸಂಖ್ಯೆ ಇರೋ ಹಳ್ಳಿಗಳಲ್ಲಿ ಕೆಲವು ಮನೆ ಔಷಧಿಗಳನ್ನ ಲೈಸೆನ್ಸ್ ಇಲ್ದೇ ಮಾರಬಹುದಿತ್ತು, ಔಷಧ ನಿಯಮಗಳ ಕೆ ಪಟ್ಟೀಲಿ ಪ್ಯಾರಾಸಿಟಮಾಲ್ ಮಾತ್ರೆ, ನೋವಿನ ಮುಲಾಮು, ಕೆಮ್ಮಿನ ಸಿರಪ್ ಎಲ್ಲ ಇದ್ವು. ಛಿಂದ್ವಾಡಾ ಆದಮೇಲೆ ಆ ಪಟ್ಟಿಯಿಂದ ಸಿರಪ್ ತೆಗೆಯೋ ಕರಡು 2025ರ ಕೊನೇಲಿ ಬಂದಿದೆ. ಪರ ಇರೋರು, ಕಿರಾಣಿ ಅಂಗಡಿಯೋನಿಗೆ ಬ್ಯಾಚ್ ವಾಪಸ್ ತರಿಸೋ ಆದೇಶ ತಲುಪೋದೇ ಇಲ್ಲ, ಅಂಥ ಕಡೆ ಸಿರಪ್ ಇರಬಾರದು ಅಂತಾರೆ, ಅದು ನಿಜ. ಆದ್ರೆ ಹೊಸನಗರದ ಒಳಗಿನ ಒಂಟಿ ಮನೆಗಳಿಗೆ ಮೆಡಿಕಲ್ ಶಾಪ್ ಅಂದ್ರೆ ಬಸ್ಸು ಹಿಡಿದು ಪೇಟೆಗೆ ಹೋಗೋ ಮಾತು, ಮಳೆಗಾಲದಲ್ಲಿ ಅದೂ ಕಷ್ಟ. ಅಂಗಡೀಲಿ ಸಿಗದಿದ್ರೆ ಜನ ಹೋಗೋದು ಹೋದ ವರ್ಷದ ಅರ್ಧ ಬಾಟ್ಲಿ ಹುಡುಕೋಕೆ. ನಿಯಮ ಬದಲಾಯಿಸುವಾಗ ಆಶಾ ಕಿಟ್‌ನಲ್ಲಿ, ಉಪಕೇಂದ್ರದಲ್ಲಿ ಮಕ್ಕಳ ಪ್ಯಾರಾಸಿಟಮಾಲ್ ಮತ್ತು ಅಳತೆ ಡ್ರಾಪರ್ ಸದಾ ಇರೋ ಹಾಗೆ ನೋಡ್ಕೊಳ್ಳದಿದ್ರೆ ಒಂದು ಅಪಾಯ ಹೋಗಿ ಇನ್ನೊಂದು ಬರತ್ತೆ.

ಅಲ್ಲಿವರೆಗೆ ಕೊಳ್ಳೋರ ಕಡೆಯಿಂದ ಆಗೋದು ಸ್ಟ್ರಿಪ್‌ನ ಹಿಂದೆ ಸಣ್ಣಕ್ಷರದಲ್ಲಿರೋ ಔಷಧಿ ಹೆಸರು ಓದೋದು. ಅದು ಇಂಗ್ಲಿಷ್‌ನಲ್ಲಿರತ್ತೆ, ಕನ್ನಡದಲ್ಲಿ ಹಾಕಿಸೋ ನಿಯಮ ಬೇಕು ಅಂತ ನಾವು ಕೇಳಲೇಬೇಕು, ಈಗ ಓದೋಕೆ ಬರದಿದ್ರೆ ಫಾರ್ಮಸಿಸ್ಟ್ ಹತ್ರ ‘ಇದರಲ್ಲಿ ಪ್ಯಾರಾಸಿಟಮಾಲ್ ಇದೆಯಾ, ಎಷ್ಟಿದೆ, ನಿದ್ದೆ ಬರತ್ತಾ’ ಅಂತ ಕೇಳಿ, ಬಿಪಿ, ಶುಗರ್, ಅಲರ್ಜಿಗೆ ಈಗಾಗ್ಲೇ ತಗೊಳ್ತಿರೋ ಮಾತ್ರೆಗಳ ಖಾಲಿ ಸ್ಟ್ರಿಪ್ ಜೇಬಲ್ಲಿ ಹಾಕ್ಕೊಂಡು ಹೋಗಿ ತೋರ್ಸಿ. ಎರಡು ಮಾತ್ರೆ ಸಾಕು ಅಂತ ಸ್ಟ್ರಿಪ್ ಕತ್ತರಿಸಿ ಕೊಟ್ಟಾಗ ಹೆಸರೂ ಎಕ್ಸ್‌ಪೈರಿ ಡೇಟೂ ಆ ತುಂಡಲ್ಲಿ ಬಾರದೇ ಇದ್ರೆ ಪೂರ್ತಿ ಸ್ಟ್ರಿಪ್‌ನ ಫೋಟೋ ತೆಗೆದಿಟ್ಕೊಳ್ಳಿ, ಪೇಪರ್ ಪೊಟ್ಟಣದಲ್ಲಿ ಬಿಡಿ ಮಾತ್ರೆ ಕೊಟ್ರೆ ಹೆಸರು ಬರೆಸ್ಕೊಳ್ದೇ ತರಬೇಡಿ. ಕೆಮ್ಮು ಎರಡು ವಾರ ದಾಟಿದ್ರೆ ಮತ್ತೊಂದು ಬಾಟ್ಲಿ ತರೋ ಬದಲು ಕಫ ಪರೀಕ್ಷೆ ಮಾಡಿಸಿ, ಟಿಬಿ ಪರೀಕ್ಷೆ ಸರ್ಕಾರಿ ಆಸ್ಪತ್ರೇಲಿ ಉಚಿತ.